ಅರ್ಧ ಹಾಡು, ಮೂರು ಸೀಟಿ

ಹಾಡು ಹಂಚಿಕೊಳ್ಳುವುದೆಂದರೆ ಉಪ್ಪಿನಕಾಯಿ ಹಂಚಿಕೊಂಡ ಹಾಗೆ ಅಂದುಕೊಂಡಿದ್ದೆ. ಉಪ್ಪಿನಕಾಯಿ ಕೊಟ್ಟರೆ ಹೆಚ್ಚೆಂದರೆ ಬಾಟಲಿ ವಾಪಸ್ ಬರುವುದಿಲ್ಲ. ಹಾಡು ಕೊಟ್ಟರೆ ಮಾತ್ರ ಏನಾದರೊಂದು ಎಡವಟ್ಟು ವಾಪಸ್ ಬಂದೇ ಬರುತ್ತದೆ. ನನ್ನ ಪಾಲಿಗಂತೂ ಇದು ಒಮ್ಮೆಯೂ ತಪ್ಪಿಲ್ಲ.

ಈಗ ಫೋನಿನ ಮೇಲೆ ಬೆರಳಿಟ್ಟರೆ ಯಾವ ದೇಶದ ಹಾಡಾದರೂ ಓಡಿ ಬರುತ್ತದೆ. ಹಾಡು ಬರುತ್ತದೆ, ಜೊತೆಗೆ ಕೂತು ಕೇಳುವವರು ಬರುವುದಿಲ್ಲ. ನಾನು ಹೇಳುತ್ತಿರುವುದು ಇದರ ತಿರುಗುಮುರುಗಾಗಿದ್ದ ಕಾಲ. ತೆಲುಗರ ರಾಜಧಾನಿಯ ಅಂಚಿನ ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಮೆಟ್ರೋ ಇನ್ನೂ ಯಾರ ಬಾಯಲ್ಲೂ ಇರಲಿಲ್ಲ. ನಾನು ಮೈಸೂರಿನಿಂದ ಬಂದು ಅಲ್ಲೊಂದು ಕಂಪನಿಯಲ್ಲಿ ಟೆಸ್ಟರ್ ಆಗಿ ಸೇರಿದ್ದೆ. ಟೆಸ್ಟರ್ ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವಳು. ಇದನ್ನು ಅಮ್ಮನಿಗೆ ವಿವರಿಸಿದಾಗ ಅವಳು, "ಮನೆಯಲ್ಲಿ ಬಿಟ್ಟಿ ಮಾಡುತ್ತಿದ್ದೆ, ಈಗ ಸಂಬಳ ಕೊಡ್ತಾರೆ ಅನ್ನು" ಅಂದಿದ್ದಳು.

ಬಾಗಿಲು ತೆಗೆದಿರಬೇಕು

ಕೊಂಡಾಪುರದಲ್ಲಿ ನನಗೆ ಸಿಕ್ಕಿದ್ದು ಒಂದು ಮನೆಯ ಮೇಲಿನ ಕೋಣೆ. ಕೆಳಗೆ ಮನೆಯವರು ಗಂಡ ಹೆಂಡತಿ ಇಬ್ಬರೇ, ವಿಜಯಪುರದ ಕಡೆಯವರು. ಗಂಡ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾಗಿದ್ದರು. ನಾನು ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆ. ಹೊರಗೆ ತೆಲುಗು, ಹಿಂದಿ ಎರಡನ್ನೂ ನೀರಿನಂತೆ ಆಡುತ್ತಿದ್ದ ಕಾಕು, ಹೊಸ್ತಿಲು ದಾಟಿ ಒಳಗೆ ಬಂದರೆ ಅಪ್ಪಟ ವಿಜಯಪುರ.

ಶನಿವಾರ ಮಧ್ಯಾಹ್ನ ನನ್ನ ಕೋಣೆಗೆ ಇಬ್ಬರು ಬರುತ್ತಿದ್ದರು. ಒಬ್ಬರು ನಮ್ಮ ಟೀಮ್ ಲೀಡ್, ಕನ್ನಡ ಬಲ್ಲ ತೆಲುಗಿನವರು, ದಕ್ಷಿಣ ಅಮೆರಿಕದ ಹಾಡೆಂದರೆ ಪ್ರಾಣ. ಇನ್ನೊಬ್ಬ ಮಂಗಳೂರಿನ ಗೆಳೆಯ, ನನ್ನ ಪಕ್ಕದ ಕುರ್ಚಿಯವನು. ಅವನಿಗೆ ಆಫ್ರಿಕಾ ಆದರೂ ಆದೀತು, ಐಸ್‌ಲ್ಯಾಂಡ್ ಆದರೂ ಆದೀತು, ಹಾಡಿನಲ್ಲಿ ಸಮುದ್ರ ಇರಬೇಕು. ಒಬ್ಬೊಬ್ಬರು ಒಂದೊಂದು ಹಾಡು ತರುವುದು. ಮುಗಿಯುವ ತನಕ ಯಾವ ದೇಶದ್ದೆಂದು ಹೇಳಕೂಡದು. ಮುಗಿಯುವ ತನಕ ಯಾರೂ ಮಾತಾಡಕೂಡದು.

ನಮ್ಮ ಊರಿನ ಹಾಡು ಯಾಕೆ ತರುತ್ತಿರಲಿಲ್ಲ ಅಂದರೆ, ಒಮ್ಮೆ ಪ್ರಯತ್ನ ಮಾಡಿದ್ದೆವು. ನಾನು ನಮ್ಮ ಕಡೆಯ ಒಂದು ಬೀಸುವ ಪದ ಹಾಕಿದೆ. ಎರಡನೇ ಸಾಲಿಗೆ ನಾನೇ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಮ್ಮ ಊರು ನಮಗೆ ತಾಳಿಕೊಳ್ಳಲಾಗದಷ್ಟು ಬೇಕಾಗಿತ್ತು. ಬೇರೆಯವರ ಊರಾದರೆ ಆರಾಮವಾಗಿ ಕೂತು ಹಂಬಲಿಸಬಹುದು.

ಕಾಕು ಮೊದಲ ವಾರವೇ ಮೇಲೆ ಬಂದು ಕಟ್ಟಪ್ಪಣೆ ಹಾಕಿದರು. "ಗಂಡಸ್ರು ಬಂದಾಗ ಬಾಗಲಾ ತಗದಿರಬೇಕು ನೋಡವ್ವ. ಅವರು ಛಲೋ ಮಂದಿನ ಇರಬಹುದು. ಆದ್ರ ಛಲೋ ಮಂದಿ ಅಂತ ಓಣಿಗೆ ಹೆಂಗ ಗೊತ್ತಾಗಬೇಕು?"

ಬಾಗಿಲು ತೆಗೆದಿಟ್ಟೆವು. ಬಾಗಿಲು ತೆಗೆದಿದ್ದರಿಂದ ಹಾಡೆಲ್ಲ ಮೆಟ್ಟಿಲು ಇಳಿದು ಕೆಳಗಿನ ಮನೆಗೆ ಹೋಗುತ್ತಿತ್ತು. ಮೂರನೇ ಶನಿವಾರ ಕಾಕಾ ಬನಿಯನ್ ಮೇಲೆ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಗದ್ದಲವಾಯಿತೆಂದು ಬೈಯಲು ಬಂದಿದ್ದಾರೆ ಅಂದುಕೊಂಡು ಲೀಡ್ ಗಡಬಡಿಸಿ ಎದ್ದು, "ಸಾರಿ ಸರ್, ಆರಿಸ್ತೀವಿ ಸರ್" ಅಂದರು.

"ಆರಸಬ್ಯಾಡ್ರಿ" ಅಂದರು ಕಾಕಾ. "ಆ ಎರಡನೇ ಹಾಡಿನಾಗ ಕೆಳಗ ನನಗ ಕೊಳಲು ನೆಟ್ಟಗ ಕೇಳಸಲಿಲ್ಲ. ಇನ್ನೊಮ್ಮೆ ಹಾಕ್ರಿ."

ಹಾಡು ಹಾಕಿದೆವು. ಹಿಂದೆಯೇ ಕೆಳಗಿನಿಂದ ಕಾಕು ಕೂಗಿ ಕೇಳಿದರು, "ಬಾಗಲಾ ತಗದೈತಿಲ್ಲ?"

"ತಗದೈತಿ" ಅಂದರು ಕಾಕಾ. "ಅದಕ್ಕ ನಾ ಒಳಗ ಬಂದೀನಿ."

ಐದಕ್ಕೆ ನಾಲ್ಕು

ಇಂಜಿನಿಯರುಗಳಿಗೆ ಸುಮ್ಮನೆ ಹಾಡು ಕೇಳಲು ಬರುವುದಿಲ್ಲ. ಲೀಡ್ ಒಂದು ಫಾರಂ ತಯಾರಿಸಿಕೊಂಡು ಬಂದರು. ಹಾಡಿನ ಸಂಖ್ಯೆ, ತಂದವರ ಹೆಸರು, ಧ್ವನಿ, ವಾದ್ಯ, ಕೊನೆಯ ಕಾಲಂ ದುಃಖ. ಎಲ್ಲಕ್ಕೂ ಒಂದರಿಂದ ಐದು ಅಂಕ. ಅರ್ಥವಾಗದ ಭಾಷೆಯ ಹಾಡಿಗೆ ಧ್ವನಿ ಚೆನ್ನಾಗಿದೆ ಎನ್ನಬಹುದು, ದುಃಖಕ್ಕೆ ಅಂಕ ಹೇಗೆ ಕೊಡುವುದು ಎಂದು ನಾನು ಜಗಳ ತೆಗೆದೆ. "ನಿನ್ನ ಒಳಗೆ ಎಷ್ಟಾಯಿತು ಅಷ್ಟು ಕೊಡಮ್ಮಾ" ಅಂದರು. ಉತ್ತರ ಸರಿ ಇದ್ದುದರಿಂದ ನನಗೆ ಇನ್ನೂ ಸಿಟ್ಟು ಬಂತು.

ಒಂದು ವಾರ ಲೀಡ್ ಒಂದು ಹಾಡು ತಂದರು. ಒಬ್ಬ ಹೆಂಗಸು, ಒಂದೇ ಒಂದು ತಂತಿ ವಾದ್ಯ. ಹಾಡು ಅರ್ಧಕ್ಕೆ ಬರುವ ಹೊತ್ತಿಗೆ ಮಂಗಳೂರಿನವನು ಕಣ್ಣು ಮುಚ್ಚಿಕೊಂಡ. ಮುಗಿಯುವ ಹೊತ್ತಿಗೆ ಅವನ ಅಂಗಿಯ ತೋಳು ಒದ್ದೆಯಾಗಿತ್ತು. ಅವನು ಮೂಗು ಒರೆಸಿಕೊಂಡು ಫಾರಂ ತೆಗೆದುಕೊಂಡು ದುಃಖದ ಕಾಲಮ್ಮಿನಲ್ಲಿ ನಾಲ್ಕು ಬರೆದ.

ಲೀಡ್‌ಗೆ ಪಿತ್ತ ನೆತ್ತಿಗೇರಿತು. "ಅಷ್ಟು ಅತ್ತು ನಾಲ್ಕಾ? ಐದು ಯಾಕಿಲ್ಲ?"

"ಎಂತ ಮಾಡುವುದು ಸರ್" ಅಂದ ಅವನು, ಇನ್ನೂ ಬಿಕ್ಕುತ್ತಲೇ. "ಕಳೆದ ಸಲ ಆಫೀಸಿನ ಮೌಲ್ಯಮಾಪನದಲ್ಲಿ ನನ್ನ ಕೆಲಸ ತುಂಬಾ ಒಳ್ಳೆಯದುಂಟು ಅಂತ ಹೇಳಿ ನೀವು ನನಗೆ ಕೊಟ್ಟದ್ದೂ ನಾಲ್ಕೇ ಅಲ್ವಾ. ಐದು ಯಾರಿಗೂ ಕೊಡ್ಲಿಕ್ಕಿಲ್ಲ ಅಂದಿದ್ರಿ."

ಡಬ್ಬಿಯೊಳಗಿನ ದೇಶಗಳು

ಕಾಕಾ ನಾಲ್ಕನೆಯ ಸದಸ್ಯರಾದರು. ಅವರ ಸರದಿ ಬಂದಾಗ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದು ಬಂದರು. ಒಳಗೆ ಕ್ಯಾಸೆಟ್ಟುಗಳು, ಒಂದೊಂದರ ಮೇಲೂ ದೇಶದ ಹೆಸರು ಕನ್ನಡದಲ್ಲಿ ಬರೆದಿತ್ತು. ಕೆಲವಕ್ಕೆ ಬರೀ 'ಗೊತ್ತಿಲ್ಲ' ಎಂದಿತ್ತು. ಇಪ್ಪತ್ತೈದು ವರ್ಷದ ಹಿಂದೆ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ, ಶಾರ್ಟ್‌ವೇವ್ ರೇಡಿಯೋದಲ್ಲಿ ಬಂದ ಹಾಡುಗಳನ್ನು ಅವರು ಹಿಡಿದಿಟ್ಟುಕೊಂಡಿದ್ದರು. ಹಿಡಿದ ರೀತಿಯನ್ನು ಸ್ವಲ್ಪ ಹೇಳಬೇಕು. ರೇಡಿಯೋ ಮೇಜಿನ ಮೇಲೆ, ಕರೆಂಟಿನಿಂದ ನಡೆಯುವುದು. ಅದರ ಎದುರಿಗೆ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್, ಸೆಲ್ಲಿನಿಂದ ನಡೆಯುವುದು. ಎರಡಕ್ಕೂ ತಂತಿಯ ಸಂಬಂಧವಿಲ್ಲ. ರೇಡಿಯೋ ಹಾಡುತ್ತದೆ, ಟೇಪ್ ಎದುರು ಕೂತು ಕೇಳಿಸಿಕೊಳ್ಳುತ್ತದೆ.

ಹೀಗಾಗಿ ಟೇಪು ರೇಡಿಯೋ ಒಂದನ್ನೇ ಕೇಳಿಸಿಕೊಂಡಿರಲಿಲ್ಲ. ಬ್ರೆಜಿಲಿನ ಹಾಡಿನಲ್ಲಿ ಹಾಲಿನವನ ಸೈಕಲ್ ಗಂಟೆ ಇತ್ತು. ಈಜಿಪ್ಟಿನ ಹಾಡಿನಲ್ಲಿ ಯಾರೋ ಏಳು ಸಲ ಸೀನಿದ್ದರು. ಗ್ರೀಸಿನ ಒಂದು ಹಾಡಿನ ನಟ್ಟನಡುವೆ ಪಕ್ಕದ ಮನೆಯವರು ಬಂದು ಹೆಪ್ಪಿಗೆ ಮೊಸರು ಕೇಳಿ, ಇಸಿದುಕೊಂಡು, ತಮ್ಮ ಅತ್ತೆಯನ್ನು ಬೈದು ಹೋಗಿದ್ದರು.

ಕಾಕಾಗೆ ಇವೆಲ್ಲ ಹಾಡಿನ ಭಾಗವೇ ಆಗಿಬಿಟ್ಟಿದ್ದವು. ಮಂಗಳೂರಿನವನು ಎಲ್ಲೋ ಹುಡುಕಿ ಅದೇ ಬ್ರೆಜಿಲಿನ ಹಾಡನ್ನು ಸಿ.ಡಿ.ಯಲ್ಲಿ ತಂದು, ಹೆಮ್ಮೆಯಿಂದ ಹಾಕಿದ. ಗಾಜಿನಷ್ಟು ಸ್ವಚ್ಛ ಧ್ವನಿ. ಕಾಕಾ ಪೂರ್ತಿ ಕೇಳಿದರು, ತಲೆದೂಗಿದರು, ಆಮೇಲೆ ಸಂಕೋಚದಿಂದ ಅಂದರು, "ಭಾಳ ಛಲೋ ಐತ್ರಿ. ಆದ್ರ ಹಾಲಿನಂವ ಬರಲೇ ಇಲ್ಲಲ್ಲ."

ಕೋಟು

ಡಬ್ಬಿಯ ತಳದಲ್ಲಿದ್ದ ಒಂದು ಕ್ಯಾಸೆಟ್ಟನ್ನು ಮಾತ್ರ ಅವರು ತಿಂಗಳುಗಟ್ಟಲೆ ಹೊರಗೆ ತೆಗೆಯಲಿಲ್ಲ. ಒಂದು ದಿನ ಕೇಳಿದ್ದಕ್ಕೆ, "ಅದು ಅರ್ಧ ಐತಿ" ಅಂದರು.

ಕಥೆ ಹೀಗೆ. ಆಗಷ್ಟೇ ಮದುವೆಯಾಗಿತ್ತು. ಕಾರ್ಖಾನೆಯಿಂದ ನಾಲ್ಕು ಜನರನ್ನು ಆರು ತಿಂಗಳ ತರಬೇತಿಗೆಂದು ಬಲ್ಗೇರಿಯಾಕ್ಕೆ ಕಳಿಸುವುದೆಂದು ಪಟ್ಟಿ ಬಂತು. ಅದರಲ್ಲಿ ಕಾಕಾ ಹೆಸರಿತ್ತು. ಚಳಿಯ ದೇಶವೆಂದು ಉಣ್ಣೆಯ ಕೋಟು ಹೊಲಿಸಿದರು. ಅಲ್ಲಿಯ ಮಾತು ಕಿವಿಗೆ ಬೀಳಲಿ ಎಂದು ದಿನಾ ಸಂಜೆ ರೇಡಿಯೋದಲ್ಲಿ ಆ ದೇಶವನ್ನು ಹುಡುಕುತ್ತ ಕೂಡುತ್ತಿದ್ದರು. ಒಂದು ಸಂಜೆ ಹಾಡು ಸಿಕ್ಕಿತು. ಒಬ್ಬನೇ ಗಂಡಸಿನ ಗಟ್ಟಿ ದನಿ, ಬೆಟ್ಟದ ಮೇಲಿಂದ ಯಾರನ್ನೋ ಕರೆದ ಹಾಗೆ. ಟೇಪಿನ ಗುಂಡಿ ಒತ್ತಿದರು. ಅರ್ಧ ಹಾಡಿಗೆ ಕರೆಂಟು ಹೋಯಿತು. ಎರಡು ವಾರ ಕಳೆದ ಮೇಲೆ ತರಬೇತಿಯೂ ರದ್ದಾಯಿತು. ಆ ಹಾಡು ಮತ್ತೆ ಎಂದೂ ಬರಲಿಲ್ಲ.

"ದೇಶ ಅಂತೂ ನೋಡಲಿಲ್ಲ" ಅಂದರು ಕಾಕಾ. "ಹೋಗಲಿ ಬಿಡ್ರಿ. ಆ ಹಾಡರ ಪೂರಾ ಕೇಳಿ ಸಾಯಬೇಕು ಅಂತ ನನಗ ಭಾಳ ಐತಿ." ಆ ಮನುಷ್ಯ ಯಾರನ್ನೋ ಬೀಳ್ಕೊಡುತ್ತಿದ್ದಾನೆ, ಹೋಗಬೇಕಾದವನು ಹೋಗಲಾರದೆ ನಿಂತಿದ್ದಾನೆ, ಕೊನೆಯಲ್ಲಿ ಹೋದನೋ ಇಲ್ಲವೋ ಎಂದು ತಿಳಿಯಬೇಕು ಎಂಬುದು ಅವರ ಲೆಕ್ಕ.

ಕ್ಯಾಸೆಟ್ ಹಾಕಿದರು. ಹಾಡು ನಿಜಕ್ಕೂ ಎದೆ ಹಿಂಡುವಂತಿತ್ತು. ಒಂದು ನಿಮಿಷ ಕಳೆಯುವಷ್ಟರಲ್ಲಿ ಹಿನ್ನೆಲೆಯಲ್ಲಿ ಕುಕ್ಕರು ಸೀಟಿ ಹೊಡೆಯಿತು. ಒಂದು ಎಳೆಯ ಹೆಣ್ಣುದನಿ ದೂರದಿಂದ ಕೇಳಿತು, "ಸೀಟಿ ಎಷ್ಟಾತ್ರಿ?" ಉತ್ತರವಿಲ್ಲ. ಇನ್ನೊಂದು ಸೀಟಿ. "ನಿಮಗ ಕೇಳಾಕತ್ತೀನಿ, ಎಷ್ಟಾತ್ರಿ?" ಉತ್ತರವಿಲ್ಲ. ಮೂರನೆಯ ಸೀಟಿ. ತಟ್ಟನೆ ಹಾಡು ನಿಂತಿತು. ಕರೆಂಟು ಹೋಗಿ ರೇಡಿಯೋ ಸತ್ತಿದೆ, ಸೆಲ್ಲಿನ ಟೇಪು ಮಾತ್ರ ಓಡುತ್ತಿದೆ. ಆ ನಿಶ್ಶಬ್ದದಲ್ಲಿ ಅದೇ ದನಿ, ಈಗ ಹತ್ತಿರದಿಂದ, "ಈಗರ ಬಾಯಿ ಬಿಡ್ರಿ. ಎಷ್ಟಾತು?" ಅಷ್ಟಕ್ಕೆ ಟಕ್ ಎಂದು ಟೇಪೂ ನಿಂತಿತು.

"ರೆಕಾರ್ಡಿಂಗ್ ನಡದಾಗ ನಾ ಹೆಂಗ ಮಾತಾಡಲಿ?" ಅಂದರು ಕಾಕಾ.

ಬಾಗಿಲಲ್ಲಿ ಅವಲಕ್ಕಿ ತಟ್ಟೆ ಹಿಡಿದು ನಿಂತಿದ್ದ ಕಾಕು ಸೇರಿಸಿದರು, "ಅವತ್ತ ಟೇಪಿನಾಗ ಇದ್ದದ್ದು ಮೂರ ಸೀಟಿ, ಅಷ್ಟಕ್ಕ ಬ್ಯಾಳಿ ಕರಗಿ ನೀರಾಗಿತ್ತು. ನಮ್ಮಣ್ಣ ಮದಿವ್ಯಾಗ ಕೊಟ್ಟ ಕುಕ್ಕರು. ಕೆಟ್ಟದ್ದು ನೋಡಿ ಕೊಟ್ಟಿದ್ದ. ಮರುವಾರನ ವಾಪಸ್ ಕಳಿಸಿಬಿಟ್ಟೆ. ಅದಕ್ಕ ಅಂವಗ ಸಿಟ್ಟು ಬಂದು, ಎರಡು ವರ್ಷ ನಮ್ಮಿಬ್ಬರ ನಡುವ ಮಾತಿರಲಿಲ್ಲ."

ಹಾಡಿನ ಉಳಿದರ್ಧ ಹುಡುಕುವುದೇ ನಮ್ಮ ಗುಂಪಿನ ಕೆಲಸವಾಯಿತು. ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಹಳೆಯ ಕ್ಯಾಸೆಟ್ ರಾಶಿಯನ್ನೆಲ್ಲ ಜಾಲಾಡಿದೆವು. ಜಗತ್ತಿನ ಸಂಗೀತಪ್ರಿಯರು ಸೇರುವ ಒಂದು ಇಂಟರ್ನೆಟ್ ಕಟ್ಟೆಯಲ್ಲಿ ಕೇಳಿ ನೋಡಿದೆವು. ನಮ್ಮ ಸಂಪರ್ಕದ ವೇಗಕ್ಕೆ ಹಾಡನ್ನೇ ಅಲ್ಲಿಗೆ ಹತ್ತಿಸುವುದು ಆಗದ ಮಾತು. ಹಾಗಾಗಿ ಮಾತಿನಲ್ಲೇ ವರ್ಣಿಸಿದೆವು: ಬೆಟ್ಟದ ದನಿ, ಒಬ್ಬ ಗಂಡಸು, ತುಂಬಾ ನೋವು. ಮರುದಿನ ಮೂರು ದೇಶದ ಮೂವರು ಉತ್ತರ ಬರೆದಿದ್ದರು. ಹಾಡು ಕೇಳದೆಯೇ ಮೂವರೂ ಅದು ತಮ್ಮ ದೇಶದ್ದೇ, ಅನುಮಾನವೇ ಬೇಡ ಎಂದಿದ್ದರು.

ತೊಂಬತ್ತು ಪರ್ಸೆಂಟ್

ಕ್ಯಾಸೆಟ್ ಹಳೆಯದಾಗಿದೆ, ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಕೊಡುತ್ತೇನೆ ಎಂದು ಕಾಕಾಗೆ ಮಾತು ಕೊಟ್ಟವಳು ನಾನು. ಬೇಡವಾಗಿತ್ತು. ರಜೆಯ ದಿನ ಆಫೀಸಿಗೆ ಹೋಗಿ ವಾಕ್‌ಮನ್‌ಗೆ ತಂತಿ ಸಿಕ್ಕಿಸಿ ಇಳಿಸಿಕೊಂಡೆ. ಇಳಿದದ್ದು ಸರಿಯಾಗೇ ಇಳಿಯಿತು. ವಾಪಸ್ ಸುತ್ತುವಾಗ ವಾಕ್‌ಮನ್ ಕ್ಯಾಸೆಟ್ಟಿನ ಪಟ್ಟಿಯನ್ನು ಜಗಿದು ಶ್ಯಾವಿಗೆ ಮಾಡಿತು.

ಆದರೂ ಹಾಡು ಕಂಪ್ಯೂಟರಿನಲ್ಲಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇದ್ದದ್ದು ಎಲ್ಲಿ ಅಂದರೆ, ನನ್ನ ಕಂಪ್ಯೂಟರಿನಲ್ಲಿ ಜಾಗವಿಲ್ಲದೆ ಆಫೀಸಿನ ದೊಡ್ಡ ಸರ್ವರಿನಲ್ಲಿ. ಅಲ್ಲಿ ಹಾಡು ಇಡುವುದು ನಿಷಿದ್ಧ. ನಮ್ಮ ಶನಿವಾರದ ಹಾಡುಗಳನ್ನೆಲ್ಲ ನಾನು 'ಹಳೆಯ ಟೆಸ್ಟ್ ದಾಖಲೆ' ಎಂಬ ಹೆಸರಿನ ಫೋಲ್ಡರಿನಲ್ಲಿ, ಒಂದರಿಂದ ಇಪ್ಪತ್ತು ಎಂದು ನಂಬರು ಹಾಕಿ ಬಚ್ಚಿಟ್ಟಿದ್ದೆ. ಹಳೆಯ ಟೆಸ್ಟ್ ದಾಖಲೆಯನ್ನು ಈ ಭೂಮಿಯ ಮೇಲೆ ಯಾರೂ ತೆಗೆದು ನೋಡುವುದಿಲ್ಲ ಎಂಬ ಭರವಸೆ ನನಗಿತ್ತು. ಕಾಕಾನ ಹಾಡು ಹದಿನಾಲ್ಕನೆಯದು.

ಆ ವಾರ ನಮ್ಮ ಪ್ರಾಜೆಕ್ಟ್ ಮುಗಿದು ಎಲ್ಲವನ್ನೂ ಯುರೋಪಿನ ಗಿರಾಕಿ ಕಂಪನಿಗೆ ಕಳಿಸಿದರು. ಕಳಿಸಿದ ಮೇಲೆ ವಾಡಿಕೆಯಂತೆ ಸರ್ವರ್ ಗುಡಿಸಿ ಸಾರಿಸಿದರು. ಸೋಮವಾರ ಹೋಗಿ ನೋಡಿದರೆ ನನ್ನ ಫೋಲ್ಡರು ಇದ್ದ ಜಾಗ ಬೋಳು.

ಸಂಜೆ ಕಾಕಾ ಕೇಳಿದರು, "ಎಲ್ಲಿ ತನಕ ಬಂತವ್ವ ನನ್ನ ಸಿ.ಡಿ.?"

ಬಾಯಿಗೆ ಬಂದದ್ದು ಆಫೀಸಿನ ಉತ್ತರ. "ಎಂಬತ್ತು ಪರ್ಸೆಂಟ್ ಆಗಿದೆ ಕಾಕಾ."

ಬುಧವಾರ ಕೇಳಿದರು. "ತೊಂಬತ್ತು" ಅಂದೆ. ಶುಕ್ರವಾರವೂ ತೊಂಬತ್ತೇ ಅಂದೆ. ಕಾಕಾ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ನಾ ಮೂವತ್ತು ವರ್ಷ ತಪಾಸಣಿ ಮಾಡೀನಿ. ಕೆಲಸ ತೊಂಬತ್ತಕ್ಕ ನಿಂತೈತಿ ಅಂದ್ರ ಸಾಮಾನು ಒಡದಿರತೈತಿ. ಏನಾಗೈತಿ ಹೇಳು."

ಹೇಳಿದೆ. ಹೇಳುವಾಗ ನನಗೇ ಅಳು ಬಂತು. ಕಾಕಾ ಕನ್ನಡಕ ಮತ್ತೆ ಏರಿಸಿಕೊಂಡು, "ಇದ್ದದ್ದೇ ಅರ್ಧ. ಹೋದದ್ದೂ ಅರ್ಧ ಆತು, ಬಿಡು" ಅಂದರು. ಅವರು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಬೈಯುತ್ತಾರೆಂದು ನಾನು ಎಣಿಸದಿದ್ದ ಕಾಕು ಎರಡು ದಿನ ಮಾತು ಬಿಟ್ಟರು. ಆ ಕ್ಯಾಸೆಟ್ಟುಗಳನ್ನು ಅವರು ಸದಾ 'ತಗಡು ಹಾಡು' ಅನ್ನುತ್ತಿದ್ದರು. ಮೂರನೇ ದಿನ ರೊಟ್ಟಿ ತಂದುಕೊಟ್ಟು ಬಾಗಿಲಲ್ಲೇ ನಿಂತರು. "ಅದರಾಗ ನನ್ನ ದನಿ ಇತ್ತವ್ವ. ಇಪ್ಪತ್ತೆರಡು ವರ್ಷದಾಕಿ ಇದ್ದಾಗಿನ ದನಿ. ಆಗ ತಗಿಸಿದ ಫೋಟೋ ಸುದ್ದಾ ಇಲ್ಲ ನನ್ನ ಹಂತ್ಯಾಕ" ಅಂದರು. ಆಮೇಲೆ, "ರೊಟ್ಟಿ ಆರತಾವ, ತಿನ್ನು" ಅಂದು ಇಳಿದು ಹೋದರು. ನಾನು ತಿಂದೆ. ತೊಂಬತ್ತು ಪರ್ಸೆಂಟ್ ತಿಂದೆ.

ನಿರೀಕ್ಷಿತ ಫಲಿತಾಂಶ

ಅಳಿಸಿಹೋಗಿದೆ ಎಂದುಕೊಂಡಿದ್ದ ಫೋಲ್ಡರಿನ ಬಗ್ಗೆ ಲೀಡ್‌ಗೆ ಹೇಳಿದಾಗ ಅವರ ಮುಖ ಬಿಳುಚಿತು. ಹಾಡು ಹೋದ ದುಃಖಕ್ಕಲ್ಲ. "ಆ ಫೋಲ್ಡರ್ ಟೆಸ್ಟ್ ದಾಖಲೆ ಹೆಸರಲ್ಲಿ ಇತ್ತಾ? ಟೆಸ್ಟ್ ದಾಖಲೆ ಎಲ್ಲಾ ಕಟ್ಟಿ ಗಿರಾಕಿಗೆ ಕಳಿಸಿದ್ದೀವಲ್ಲಮ್ಮಾ."

ಅಂದರೆ ನಮ್ಮ ಇಪ್ಪತ್ತು ಹಾಡು, ಕಾಕುವಿನ ಸೀಟಿ ಸಮೇತ, ಸಮುದ್ರ ದಾಟಿ ಹೋಗಿದ್ದವು. ಅದೂ ಯಾರ ಕೈಗೆ? ಆ ಕಡೆ ಒಬ್ಬ ಟೆಸ್ಟರಮ್ಮ ಇದ್ದಳು. ನಾವು ಅವಳ ಮುಖ ನೋಡಿದವರಲ್ಲ, ಹೆಸರು ಕಂಡರೆ ನಡುಗುವವರು. ನಾನು ಬಿಟ್ಟ ತಪ್ಪನ್ನೆಲ್ಲ ಹೆಕ್ಕಿ ಪಟ್ಟಿ ಮಾಡಿ ಕಳಿಸುವುದು ಅವಳ ಕೆಲಸ. ಒಂದು ಚುಕ್ಕೆ ಅತ್ತಿತ್ತ ಆಗಿದ್ದರೂ ಬಿಡುತ್ತಿರಲಿಲ್ಲ. ಹಳೆಯ ಟೆಸ್ಟ್ ದಾಖಲೆಯನ್ನು ತೆಗೆದು ನೋಡುವ ಜೀವ ಭೂಮಿಯ ಮೇಲೆ ಒಂದಿದ್ದರೆ ಅದು ಅವಳೇ.

ನಾಲ್ಕು ದಿನ ನಮ್ಮಿಬ್ಬರಿಗೂ ಅನ್ನ ಸೇರಲಿಲ್ಲ. ಐದನೇ ದಿನ ಅವಳಿಂದ ಮೇಲ್ ಬಂತು, ನನ್ನೊಬ್ಬಳಿಗೇ. ಎಂದಿನಂತೆ ದೋಷ ವರದಿಯ ನಮೂನೆಯಲ್ಲೇ ಇತ್ತು.

"ಫೈಲ್ ಹದಿನಾಲ್ಕು. ನಿರೀಕ್ಷಿತ ಫಲಿತಾಂಶ: ಹಾಡು ಪೂರ್ತಿ ಬರಬೇಕು. ದೊರೆತ ಫಲಿತಾಂಶ: ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚುವರಿ ಗಮನಕ್ಕೆ: ಮೂರು ಬಾರಿ ಉಗಿ ಎಂಜಿನ್ನಿನ ಸದ್ದು ಬರುತ್ತದೆ. ಒಬ್ಬ ಹೆಂಗಸು ಏನನ್ನೋ ಮತ್ತೆ ಮತ್ತೆ ಕೇಳುತ್ತಾಳೆ, ಪ್ರತಿ ಸಲವೂ ಸಿಟ್ಟು ಹೆಚ್ಚುತ್ತದೆ. ಯಾರೂ ಉತ್ತರ ಕೊಡುವುದಿಲ್ಲ. ಇದು ಉದ್ದೇಶಪೂರ್ವಕವೇ?"

ಕೆಳಗೆ ಬೇರೆ ಅಕ್ಷರದಲ್ಲಿ ಇನ್ನೂ ನಾಲ್ಕು ಸಾಲಿದ್ದವು. ಈ ಹಾಡು ಅವಳ ಅಜ್ಜಿಯ ಊರಿನದು, ಬಲ್ಗೇರಿಯಾದ ಬೆಟ್ಟದ ಕಡೆಯದು. ಅಜ್ಜಿ ಸತ್ತ ಮೇಲೆ ಎಲ್ಲೂ ಕೇಳಿರಲಿಲ್ಲ. ಗೋದಾಮಿನ ಲೆಕ್ಕದ ಪ್ರೋಗ್ರಾಮ್ ಪರೀಕ್ಷಿಸುತ್ತ ಕೂತಿದ್ದಾಗ ಕಿವಿಗೆ ಬಿದ್ದು, ಆಫೀಸಿನಲ್ಲೇ ಅತ್ತಳಂತೆ. ಊರಿನಲ್ಲಿರುವ ಚಿಕ್ಕಪ್ಪನಿಂದ ಪೂರ್ತಿ ಹಾಡು ತರಿಸಿದ್ದಾಳೆ. ಅದನ್ನೂ ನಮ್ಮ ಹದಿನಾಲ್ಕನೆಯ ಫೈಲನ್ನೂ ಇದರ ಜೊತೆ ಕಳಿಸಿದ್ದಾಳೆ. ಉಳಿದ ಹತ್ತೊಂಬತ್ತು ತನಗಿರಲಿ, ಯಾರಿಗೂ ಹೇಳುವುದಿಲ್ಲ.

ಲೀಡ್ ಮೂರು ಸಲ ಓದಿಕೊಂಡರು. ಆ ಹೆಂಗಸು ಯಾರು, ಏನು ಕೇಳುತ್ತಿದ್ದಾರೆ, ಗಂಡ ಯಾಕೆ ಬಾಯಿ ಬಿಡಲಿಲ್ಲ ಎಂದೆಲ್ಲ ನಾನು ಉತ್ತರ ಬರೆಯಲು ಕೂತರೆ, ಅವರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಒಂದು ಸಾಲು ಬರೆದರು. "ಪರಿಶೀಲಿಸಲಾಗಿದೆ. ದೋಷವಲ್ಲ. ಮದುವೆಯ ವಿನ್ಯಾಸವೇ ಹೀಗೆ."

ಸೀಟಿ ಎಷ್ಟಾತ್ರಿ

ಇದಾದ ಬೆನ್ನಿಗೇ ನಮ್ಮ ಗುಂಪು ಚದುರಿತು. ಮಂಗಳೂರಿನವನು ಕಂಪನಿ ಬದಲಿಸಿ ಪುಣೆಗೆ ಹೋದ. ಲೀಡ್‌ಗೆ ಮದುವೆಯಾಗಿ ಶನಿವಾರಗಳು ಕೈತಪ್ಪಿದವು. ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿದ್ದ ಕೊನೆಯ ಶನಿವಾರವೆಂದರೆ ಆ ಮೇಲ್ ಬಂದ ವಾರದ್ದೇ. ಅದು ನನಗೆ ಈಗಲೂ ಬೇಕು ಅನ್ನಿಸುತ್ತದೆ.

ಅವತ್ತು ನನ್ನ ಕೋಣೆಯ ಬದಲು ಕೆಳಗೆ ಕಾಕಾನ ಮನೆಯಲ್ಲೇ ಸೇರಿದೆವು. ಮಂಗಳೂರಿನವನು ಆಫೀಸಿನಿಂದ ಒಂದು ಬ್ಯಾಟರಿ ಪೆಟ್ಟಿಗೆ ಹೊತ್ತು ತಂದಿದ್ದ. "ಕರೆಂಟು ಹೋದ್ರೆ ಹೋಗ್ಲಿ ಮಾರಾಯ್ತಿ, ಹಾಡು ಹೋಗ್ಲಿಕ್ಕಿಲ್ಲ" ಅಂದ. ಬೇಸಿಗೆಯ ಸೆಕೆಯಲ್ಲಿ ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ಕಾಕಾ ಒಳಗಿನಿಂದ ಬಂದರು. ನೋಡಿದರೆ, ಮೈಮೇಲೆ ಉಣ್ಣೆಯ ಕೋಟು. ಇಪ್ಪತ್ತೈದು ವರ್ಷದಲ್ಲಿ ಗುಂಡಿಗೂ ಗುಂಡಿಯ ತೂತಿಗೂ ನಡುವೆ ಒಂದು ಗೇಣು ಅಂತರ ಬೆಳೆದಿತ್ತು. ಯಾರೂ ನಗಲಿಲ್ಲ. ನಗಲು ಆಗಲಿಲ್ಲ.

ಹಾಡು ಹಾಕಿದೆ. ಅದೇ ದನಿ, ಈಗ ಸ್ವಚ್ಛವಾಗಿ. ಕಾಕಾ ಕಣ್ಣು ಮುಚ್ಚಿಕೊಂಡರು. ಹಾಡು ನಿಲ್ಲುತ್ತಿದ್ದ ಜಾಗ ಬಂದಾಗ ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. ಹಾಡು ನಿಲ್ಲದೆ ಮುಂದಕ್ಕೆ ಹೋಯಿತು. ಅವರ ಬಾಯಿ ಸ್ವಲ್ಪ ತೆರೆದುಕೊಂಡಿತು. ಎರಡು ನಿಮಿಷ ನಡೆದು, ಕೊನೆಗೆ ಒಂದು ಉದ್ದದ ಕೂಗಿನೊಂದಿಗೆ ಮುಗಿಯಿತು.

ಕಾಕಾ ಕಣ್ಣು ತೆರೆದು ಕೇಳಿದರು, "ಹೋದನೇನು ಅಂವ?"

ಅರ್ಥವನ್ನು ಟೆಸ್ಟರಮ್ಮನಿಂದ ತರಿಸಿಟ್ಟುಕೊಂಡಿದ್ದೆ. ಓದಲು ಮನಸ್ಸೇ ಬರಲಿಲ್ಲ. ಆದರೂ ಓದಿದೆ. ಒಬ್ಬ ಹಳ್ಳಿಯವನು ಹತ್ತು ಕತ್ತೆ ಹೊಡೆದುಕೊಂಡು ಸಂತೆಗೆ ಹೊರಟಿದ್ದಾನೆ. ದಾರಿಯಲ್ಲಿ ಎಣಿಸಿದರೆ ಒಂಬತ್ತೇ ಇವೆ. ಹತ್ತನೆಯದನ್ನು ಕರೆದು ಕರೆದು ಬೆಟ್ಟವೆಲ್ಲ ಅಲೆಯುತ್ತಾನೆ, ಅಳುತ್ತಾನೆ. ಹಾಡಿನ ಕೊನೆಯ ಸಾಲಿನಲ್ಲಿ ಹೆಂಡತಿ ಎದುರು ಬಂದು, "ಮೊದಲು ಕತ್ತೆಯಿಂದ ಇಳಿ" ಅನ್ನುತ್ತಾಳೆ. ಅವನು ಹತ್ತನೆಯದರ ಮೇಲೇ ಕೂತಿದ್ದ.

ಕಾಕಾ ಅಲ್ಲಾಡಲಿಲ್ಲ. ಇಪ್ಪತ್ತೈದು ವರ್ಷ ಅವರು ಹನಿಗಣ್ಣಾಗಿ ಕೇಳಿದ್ದು ಕತ್ತೆಯ ಹಾಡು. ಲೀಡ್ ನೆಲ ನೋಡುತ್ತಿದ್ದರು. ಅಡಿಗೆಮನೆಯ ಬಾಗಿಲಿನಿಂದ ಕಾಕು ಅಂದರು, "ಕನ್ನಡಕ ಹಣಿ ಮ್ಯಾಲಿಟಕೊಂಡು ಮನಿತುಂಬ ಹುಡುಕೋರಿಗೆ ಇದಕಿಂತ ಒಪ್ಪೋ ಹಾಡು ಎಲ್ಲಿ ಸಿಗಬೇಕು?"

ಕಾಕಾನ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ನಕ್ಕರು ನೋಡಿ, ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನಮ್ಮೂರಾಗೂ ಇಂಥಾವ ಒಬ್ಬ ಇದ್ದ ಅಂತ ನಮ್ಮಜ್ಜಿ ಹೇಳತಿದ್ದಳು" ಅಂದರು. "ಹಂಗಾರ ನಾ ಆ ದೇಶಕ್ಕ ಹೋಗಿದ್ರೂ ನಮ್ಮೂರಿಗೇ ಹೋದಂಗ ಆಗತಿತ್ತು." ನಗುವುದು ನಿಂತ ಮೇಲೆ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಮೆಲ್ಲಗೆ ಅಂದರು, "ಈಗ ನಮ್ಮದು ಹಾಕವ್ವ. ಅರ್ಧದ್ದು."

ಹದಿನಾಲ್ಕನೆಯ ಫೈಲ್ ಹಾಕಿದೆ. ಹಾಡು ಬಂತು. ಮೊದಲ ಸೀಟಿ. "ಸೀಟಿ ಎಷ್ಟಾತ್ರಿ?" ಕಾಕು ಅಡಿಗೆಮನೆಯಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುವುದನ್ನು ಮರೆತು ತಮ್ಮ ದನಿಯನ್ನೇ ಕೇಳುತ್ತ ನಿಂತರು. ಎರಡನೇ ಸೀಟಿ. "ನಿಮಗ ಕೇಳಾಕತ್ತೀನಿ, ಎಷ್ಟಾತ್ರಿ?" ಮೂರನೇ ಸೀಟಿ. ಹಾಡು ನಿಂತಿತು. "ಈಗರ ಬಾಯಿ ಬಿಡ್ರಿ. ಎಷ್ಟಾತು?"

"ಐದು" ಅಂದರು ಕಾಕಾ.

ಎಲ್ಲರೂ ಅವರ ಕಡೆ ತಿರುಗಿದೆವು. "ಮೂರಲ್ವಾ ಸರ್?" ಅಂದರು ಲೀಡ್, ಬೆರಳು ಮಡಚಿ ಎಣಿಸಿಕೊಂಡಿದ್ದವರು.

"ಟೇಪಿನಾಗ ಮೂರು. ನಾ ಗುಂಡಿ ಒತ್ತೂದಕ್ಕಿಂತ ಮೊದಲ ಎರಡು ಆಗಿದ್ದವು" ಅಂದು ಕಾಕಾ ಹೆಂಡತಿಯ ಕಡೆ ನೋಡಿದರು. "ಅವತ್ತ ಹೇಳಬೇಕಂತಿದ್ದೆ. ಕರೆಂಟ್ ಹೋದ ಸಂಕಟದಾಗ ಮರತಬಿಟ್ಟೆ."

ಕಾಕು ಐದೂ ಬೆರಳು ಎತ್ತಿ ಹಿಡಿದು ಅವನ್ನೇ ನೋಡಿಕೊಂಡರು. "ಐದು ಸೀಟಿಗೆ ಬ್ಯಾಳಿ ಕರಗದ ಏನು ಮಾಡೀತು?" ಅಂದರು ತಮಗೆ ತಾವೇ. ಆಮೇಲೆ ಸರಸರನೆ ಫೋನಿನ ಹತ್ತಿರ ಹೋಗಿ ವಿಜಯಪುರಕ್ಕೆ ನಂಬರು ಒತ್ತಿದರು.

"ಅಣ್ಣಾ, ನಾನು. ಎಲ್ಲಾರೂ ಆರಾಮ ಅದೇವಿ. ಒಂದು ಮಾತು ಹೇಳೂದಿತ್ತು. ನನ್ನ ಮದಿವ್ಯಾಗ ನೀ ಕೊಟ್ಟಿದ್ದ ಕುಕ್ಕರು ಕೆಟ್ಟಿದ್ದಿಲ್ಲೋ. ತಪ್ಪು ನಮ್ಮ ಮನಿಯವರದು. ಮನಸಿನ್ಯಾಗ ಇಟಗೋಬ್ಯಾಡ."

ಆ ಕಡೆಯಿಂದ ಬಂದ ಗಂಡುದನಿ ಫೋನು ದಾಟಿ ಕೋಣೆಗೆಲ್ಲ ಕೇಳುವಂತಿತ್ತು.

"ಕೆಟ್ಟಿದ್ದಿಲ್ಲ ಅಂತ ನನಗ ಗೊತ್ತಿಲ್ಲೇನವ್ವ? ನೀ ವಾಪಸ್ ಕಳಿಸಿದಾಗಿಂದ ನಾವು ಅದರಾಗ ಬ್ಯಾಳಿ ಬೇಯಿಸಾಕತ್ತೀವಿ."